ಮಣ್ಣು ಹೊತ್ತ ಮಾಳಿಗೆ

ಅಹಮದಾಬಾದ ಅಂದರೆ ನಮ್ಮ ಸಮಾಜ ಬಾಂಧವರಿಗೆ ಮೊದಲು ನೆನಪಾಗುವುದು 1848ರ ಹಠೀಸಿಂಗ್ ಜಿನಮಂದಿರ, ಆಮೇಲೆ ಜವಳಿ ಗಿರಣಿಗಳು. ಅದೇ ಊರಿನ ಶಾಹಿಬಾಗದಲ್ಲಿ ಸಾರಾಭಾಯಿ ಮನೆತನದ ತೋಟದೊಳಗೆ ಜಗತ್ತಿಗೆಲ್ಲ ಹೆಸರಾದ ಒಂದು ಮನೆಯಿದೆ. ಮನೆ ಕಟ್ಟಿಸುವ ವಿಚಾರದಲ್ಲಿರುವ ಕುಟುಂಬಗಳಿಗೆ ಉಪಯೋಗವಾಗಲೆಂದು ಅದರ ಸಂಗತಿ ಬರೆಯುತ್ತಿದ್ದೇವೆ.

ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ (1887–1965) ಚಂಡೀಗಢದ ಕೆಲಸಕ್ಕೆಂದು 1951ರಲ್ಲಿ ಭಾರತಕ್ಕೆ ಬಂದರು. ಆಗ ಅಹಮದಾಬಾದಿನವರೂ ಅವರನ್ನು ಕರೆಸಿಕೊಂಡರು. ಅಲ್ಲಿ ಒಂದು ವಸ್ತುಸಂಗ್ರಹಾಲಯ, ಗಿರಣಿ ಮಾಲೀಕರ ಸಂಘದ ಕಟ್ಟಡ ಹಾಗೂ ಎರಡು ಮನೆಗಳು ಅವರ ನಕ್ಷೆಯಂತೆ ಎದ್ದವು.

ಮೊದಲನೆಯದು ಮನೋರಮಾ ಸಾರಾಭಾಯಿ ಅವರದು. ಪತಿಯನ್ನು ಕಳೆದುಕೊಂಡಿದ್ದ ಅವರು ತಮಗೂ ಇಬ್ಬರು ಗಂಡುಮಕ್ಕಳಿಗೂ ಕಟ್ಟಿಸಿದ ಮನೆ. ಹಣದ ಕೊರತೆಯಿಲ್ಲ, ಆದರೂ ಡೌಲಿಲ್ಲ. ಸಾಲು ಸಾಲು ಉದ್ದ ಗೋಡೆ, ಅವುಗಳ ಮೇಲೆ ಕಮಾನಿನ ಚಾವಣಿ. ಗಾಳಿ ಬೀಸುವ ದಿಕ್ಕಿಗೆ ಮುಖ, ಬಿಸಿಲು ಒಳನುಗ್ಗದಂತೆ ಆಳವಾದ ಪಡಸಾಲೆ. ಕಮಾನಿನ ಮೇಲೆ ಮಣ್ಣು ಹಾಕಿ ಹುಲ್ಲು ಬೆಳೆಸಿದರು. ಮಕ್ಕಳ ಸಂತೋಷಕ್ಕೆ ಮಾಳಿಗೆಯಿಂದ ನೀರಿನ ಕೊಳಕ್ಕೆ ಜಾರುಬಂಡಿ!

ಎರಡನೆಯದರ ನಕ್ಷೆ ಬರೆಸಿದವರು ಸುರೋತ್ತಮ ಹಠೀಸಿಂಗ್. ಕಟ್ಟುವ ಮೊದಲೇ ಅವರು ನಕ್ಷೆಯನ್ನು ಶ್ಯಾಮುಭಾಯಿ ಶೋಧನ್ ಅವರಿಗೆ ಮಾರಿದರು. ಶೋಧನ್ ಬೇರೆ ಜಾಗದಲ್ಲಿ ಅದನ್ನೇ ಕಟ್ಟಿಸಿದರು, 1956ರಲ್ಲಿ ಮುಗಿಯಿತು. ಆ ಮನೆಯ ಮೇಲೆ ಕಂಬಗಳ ಮೇಲೆ ನಿಂತ ಇನ್ನೊಂದು ಚಾವಣಿಯಿದೆ. ಅದು ಛತ್ರಿಯಂತೆ ನೆರಳು ಕೊಡುತ್ತದೆ, ನಡುವೆ ಗಾಳಿ ಆಡುತ್ತದೆ.

ಎರಡೂ ಮನೆಗಳ ಗುಟ್ಟು ಒಂದೇ: ಬೇಸಿಗೆಯ ಕಾವು ಮಾಳಿಗೆಯಿಂದ ಇಳಿಯುತ್ತದೆ, ಅದನ್ನು ಅಲ್ಲಿಯೇ ತಡೆಯಬೇಕು. ಸೊಲ್ಲಾಪುರ, ಅಕ್ಕಲಕೋಟ, ಜತ್ತದ ಕಡೆಯ ನಮಗೆ ಇದು ಹೊಸದಲ್ಲ. ನಮ್ಮ ಹಿರಿಯರ ವಾಡೆಗಳ ಮೇಲೂ ಮಣ್ಣೇ ಇತ್ತು. ಸೋರುತ್ತದೆ, ಅಣ್ಣತಮ್ಮಂದಿರಿಗೆ ಪಾಲಾಗಬೇಕು ಎಂದು ಅವನ್ನು ಕೆಡವಿ ಬರೀ ಸ್ಲ್ಯಾಬ್ ಹಾಕಿಸುತ್ತಿದ್ದೇವೆ. ಏಪ್ರಿಲ್ ಬಂತೆಂದರೆ ಮೇಲಿನ ಖೋಲಿಯಲ್ಲಿ ಮುದುಕರು ಮಧ್ಯಾಹ್ನ ಕಳೆಯುವುದು ಕಷ್ಟ; ಕೂಲರಿಗೆ ವಿದ್ಯುತ್ ಬಿಲ್ಲು ಕಟ್ಟುವುದು ತಪ್ಪದು.

ವಾಡೆಯ ತೊಲೆಗಳು ಗಟ್ಟಿಯಿದ್ದರೆ ಮಾಳಿಗೆ ಮಾತ್ರ ರಿಪೇರಿ ಮಾಡಿಸಲು ಬಂದೀತೇ ನೋಡಬೇಕು. ಹೊಸದು ಕಟ್ಟುವವರು ಸ್ಲ್ಯಾಬಿನ ಮೇಲೆ ನೆರಳು, ಮುಂದೆ ಪಡಸಾಲೆ, ಗಾಳಿಯ ದಿಕ್ಕು, ಈ ಮೂರನ್ನು ಬಿಡಬಾರದು. ಮೇಲೆ ಮಣ್ಣು ಹಾಕುವುದಾದರೆ ಭಾರ ತಡೆದೀತೇ ಎಂದು ಇಂಜಿನಿಯರರನ್ನು ಕೇಳಿಯೇ ಹಾಕಬೇಕು.

ಅಂಗಡಿಯ ಮಾಲನ್ನು ಹತ್ತು ಸಲ ಕೈಯಾಡಿಸಿ ಕೊಳ್ಳುವ ನಾವು, ಮೂರು ತಲೆಮಾರು ಬಾಳಬೇಕಾದ ಮನೆಯ ನಕ್ಷೆಯನ್ನು ಒಂದೇ ಸಂಜೆಯಲ್ಲಿ ಒಪ್ಪಬಾರದು.