ಬೆಕ್ಕಿನ ಸಕ್ಕರೆ ಕಾಯಿಲೆ: ಮನೆಯಲ್ಲಿಯೇ ರಕ್ತಪರೀಕ್ಷೆ ಹೇಗೆ?

ಮನುಷ್ಯರಿಗೆ ಬರುವ ಸಕ್ಕರೆ ಕಾಯಿಲೆ ಬೆಕ್ಕಿಗೂ ಬರುತ್ತದೆಂದರೆ ರೊಳ್ಳದ ಕಡೆ ಈಗಲೂ ನಗುವವರುಂಟು. ಆದರೆ ಮನೆಯ ರಾಗಿಯನ್ನು ಇಲಿಗಳಿಂದ ಕಾಯ್ದು ಮುಪ್ಪಾದ ಬೆಕ್ಕು ದಿನವಿಡೀ ನೀರು ಕುಡಿಯುತ್ತ, ಪದೇ ಪದೇ ಮೂತ್ರ ಮಾಡುತ್ತ, ಹೊಟ್ಟೆ ತುಂಬ ತಿಂದರೂ ಬಡಕಲಾಗುತ್ತಿದ್ದರೆ ಅದನ್ನು ವಯಸ್ಸಿನ ದೋಷವೆಂದು ಬಿಡಲಾಗದು. ಕೆಲವು ಬೆಕ್ಕುಗಳು ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೂರಿ ನಡೆಯತೊಡಗುತ್ತವೆ. ರೋಗವನ್ನು ನಿರ್ಧರಿಸಿ ಇನ್ಸುಲಿನ್ ಬರೆದುಕೊಡಬೇಕಾದವರು ಪಶುವೈದ್ಯರೇ. ಆ ಬಳಿಕದ ಪರೀಕ್ಷೆ ಮನೆಯವರ ಕೈಯಲ್ಲಿದೆ.

ಆಸ್ಪತ್ರೆಯಲ್ಲಿ ಪರೀಕ್ಷಿಸಿದರೆ ಸಾಲದೆ? ಬೆಕ್ಕಿನ ಮಟ್ಟಿಗೆ ಸಾಲದು. ರೊಳ್ಳದಿಂದ ಬುಟ್ಟಿಯಲ್ಲಿ ಕುಳಿತು, ಬಸ್ಸಿನ ಸದ್ದಿಗೆ ಬೆದರಿ, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜನ್ನು ಮುಟ್ಟಿದ ಬೆಕ್ಕಿನ ರಕ್ತದಲ್ಲಿ ರೋಗದ ಸಕ್ಕರೆಯ ಜೊತೆಗೆ ಭಯದ ಸಕ್ಕರೆಯೂ ಸೇರಿರುತ್ತದೆ. ಆರೋಗ್ಯವಂತ ಬೆಕ್ಕಿನಲ್ಲಿ ಪ್ರತಿ ಡೆಸಿಲೀಟರ್ ರಕ್ತಕ್ಕೆ ಸುಮಾರು 80ರಿಂದ 120 ಮಿಲಿಗ್ರಾಂ ಇರುವ ಸಕ್ಕರೆ, ಹೆದರಿದಾಗ 200ನ್ನು ದಾಟುವುದುಂಟು. ಆ ಒಂದು ಅಂಕಿಯನ್ನೇ ನಂಬಿ ಇನ್ಸುಲಿನ್ ಏರಿಸಿದರೆ, ಮನೆಗೆ ಮರಳಿ ಶಾಂತವಾದ ಬೆಕ್ಕಿನ ಸಕ್ಕರೆ ಪ್ರಾಣಾಪಾಯವಾಗುವಷ್ಟು ಕುಸಿಯಬಹುದು.

ರಕ್ತ ತೆಗೆಯುವುದು ಕಿವಿಯಿಂದ. ಕಿವಿಯ ಅಂಚಿನುದ್ದಕ್ಕೂ ಸಾಗುವ ತೆಳುವಾದ ನರ ಬೆಳಕಿಗೆ ಹಿಡಿದರೆ ಕಾಣುತ್ತದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕಿವಿಯನ್ನು ಬೆಚ್ಚಗೆ ಮಾಡಿ, ಚೆನ್ನಾಗಿ ಒರೆಸಬೇಕು. ತೇವ ಉಳಿದರೆ ಅಂಕಿ ತಪ್ಪಾಗುತ್ತದೆ. ಕಿವಿಯ ಹಿಂದೆ ಹತ್ತಿಯನ್ನು ಆನಿಸಿ, ನರಕ್ಕೂ ಅಂಚಿಗೂ ನಡುವೆ ಹೊಸ ಸೂಜಿಯಿಂದ ಚುಚ್ಚಬೇಕು. ಸಾಸಿವೆಯಷ್ಟು ರಕ್ತ ಸಾಕು. ಪಟ್ಟಿಯ ತುದಿಯನ್ನು ತಾಗಿಸಿದರೆ ಅದೇ ಹೀರಿಕೊಳ್ಳುತ್ತದೆ. ಬಳಿಕ ಹತ್ತಿಯಿಂದ ಒತ್ತಿಹಿಡಿದು, ಬೇಯಿಸಿದ ಕೋಳಿಯ ಚೂರೊಂದನ್ನು ಕೊಟ್ಟರೆ ಮಾರನೆಯ ದಿನ ಬೆಕ್ಕು ತಾನಾಗಿಯೇ ಬಂದು ಕೂರುವುದೂ ಉಂಟು. ಮಕ್ಕಳು ಬೆಕ್ಕನ್ನು ಸಂತೈಸಲಿ, ಚುಚ್ಚುವುದು ಹಿರಿಯರ ಕೆಲಸ.

ಅಜ್ಜನ ಗ್ಲುಕೋಮೀಟರ್ ಆಗದೆ ಎಂದು ಕೇಳುವವರಿದ್ದಾರೆ. ಆಗುತ್ತದೆ, ಆದರೆ ಬೆಕ್ಕಿನ ರಕ್ತದಲ್ಲಿ ಅದು ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಪ್ರಾಣಿಗಳಿಗೆಂದೇ ಬರುವ ಯಂತ್ರ ಹೆಚ್ಚು ನಿಖರ, ಬೆಲೆಯೂ ಹೆಚ್ಚು. ಯಾವುದೇ ಆಗಲಿ, ಯಂತ್ರವನ್ನು ಬದಲಿಸದೆ ಒಂದನ್ನೇ ಬಳಸಿ, ಯಾವುದೆಂದು ವೈದ್ಯರಿಗೆ ತಿಳಿಸಿರಿ.

ಇನ್ಸುಲಿನ್ ಕೊಡುವ ಮುನ್ನ ಪ್ರತಿಸಲವೂ ನೋಡಬೇಕು. ಎಷ್ಟಕ್ಕಿಂತ ಕೆಳಗಿದ್ದರೆ ಕೊಡಬಾರದೆಂಬುದನ್ನು ವೈದ್ಯರಿಂದ ಮೊದಲೇ ಬರೆಸಿಕೊಳ್ಳಿರಿ. 60ಕ್ಕಿಂತ ಇಳಿದರೆ, ಅಥವಾ ಬೆಕ್ಕು ತೂರಾಡಿದರೆ, ನಡುಗಿದರೆ, ಕೂಡಲೇ ಜೇನುತುಪ್ಪವನ್ನೋ ಸಕ್ಕರೆ ನೀರನ್ನೋ ಒಸಡಿಗೆ ಸವರಿ ವೈದ್ಯರಲ್ಲಿಗೆ ಒಯ್ಯಬೇಕು. ಎಚ್ಚರ ತಪ್ಪಿದ ಬೆಕ್ಕಿನ ಬಾಯಿಗೆ ಏನನ್ನೂ ಸುರಿಯಬಾರದು. ಸಿರಿಂಜಿನ ವಿಷಯದಲ್ಲಿಯೂ ಎಚ್ಚರ ಬೇಕು: 40 ಯೂನಿಟ್‌ನ ಸಿರಿಂಜಿನಲ್ಲಿ 100 ಯೂನಿಟ್‌ನ ಇನ್ಸುಲಿನ್ ಎಳೆದರೆ ಎರಡೂವರೆ ಪಟ್ಟು ಔಷಧ ಒಳಹೋಗುತ್ತದೆ. ಹಾಲು-ಅನ್ನ ಬಿಡಿಸಿ ಮಾಂಸಾಹಾರಕ್ಕೆ ಹೊರಳಿಸುವುದು ಒಳ್ಳೆಯದೇ, ಆದರೆ ಅದರಿಂದಲೂ ಸಕ್ಕರೆ ಇಳಿಯುವುದರಿಂದ ವೈದ್ಯರನ್ನು ಕೇಳಿಯೇ ಮಾಡಬೇಕು.

ವೈದ್ಯರು ಸೂಚಿಸಿದ ದಿನ, 12 ಗಂಟೆಗಳ ಕಾಲ ಎರಡೆರಡು ಗಂಟೆಗೊಮ್ಮೆ ಪರೀಕ್ಷಿಸಿದರೆ ಔಷಧ ಯಾವಾಗ ಏರಿ ಯಾವಾಗ ಇಳಿಯಿತೆಂಬುದು ತಿಳಿಯುತ್ತದೆ. ವೇಳೆ, ಅಂಕಿ, ಔಷಧದ ಯೂನಿಟ್, ತಿಂದದ್ದು ಇಷ್ಟನ್ನೂ ಶಾಲೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮಕ್ಕಳೇ ಕನ್ನಡದಲ್ಲಿ ಬರೆಯಬಲ್ಲರು. ಸಾಲುಗಳ ತಲೆಬರಹವನ್ನು ಒಮ್ಮೆ ಓದಿಹೇಳಿದರಾಯಿತು, ತೆಲುಗು ಬಲ್ಲ ವೈದ್ಯರಿಗೆ ಅಂಕಿಗಳು ತಾವೇ ಅರ್ಥವಾಗುತ್ತವೆ.