ಕೃತಕ ಹೃದಯವೂ ಹರಿಹರದ ಲೇಥುಗಳೂ

ಮನುಷ್ಯನ ಹೃದಯವು ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಹತ್ತು ವರ್ಷಗಳ ಲೆಕ್ಕ ಹಿಡಿದರೆ 36 ಕೋಟಿಯನ್ನು ಮೀರುವುದು. ಅಷ್ಟು ಸಲ ತೆರೆದು ಮುಚ್ಚಿದರೂ ಸವೆಯದ, ಮುರಿಯದ, ನೆತ್ತರನ್ನು ಹೆಪ್ಪುಗಟ್ಟಿಸದ ಯಂತ್ರವನ್ನು ಎದೆಯೊಳಗೆ ಇರಿಸುವುದು ಎಂತಹ ಸಾಹಸವೆಂಬುದನ್ನು ವಾಚಕರೇ ಊಹಿಸಬಹುದು.

1982ನೆಯ ಇಸವಿ ಡಿಸೆಂಬರ್ 2ರಂದು ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದಲ್ಲಿ ಬಾರ್ನಿ ಕ್ಲಾರ್ಕ್ ಎಂಬ ದಂತವೈದ್ಯರಿಗೆ ಜಾರ್ವಿಕ್-7 ಎಂಬ ಕೃತಕ ಹೃದಯವನ್ನು ಜೋಡಿಸಿದರು. ಅವರು 112 ದಿನ ಬದುಕಿದರು. ಆದರೆ ಎರಡು ವಾರ ತುಂಬುವ ಮೊದಲೇ ಅದರೊಳಗಿನ ಕವಾಟವೊಂದು ಮುರಿದು, ರೋಗಿಯ ಎದೆಯನ್ನು ಮತ್ತೆ ತೆರೆಯಬೇಕಾಯಿತು. ಕೈಕೊಟ್ಟದ್ದು ಇಡೀ ಯಂತ್ರವಲ್ಲ, ಒಂದು ಪುಟ್ಟ ಭಾಗ!

ನಮ್ಮ ದೇಶದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಡಾ॥ ವಲಿಯತ್ತಾನರು ಆ ಪುಟ್ಟ ಭಾಗಕ್ಕೇ ಕೈಹಾಕಿದರು. ಬಡಮಕ್ಕಳಿಗೆ ಗಂಟಲುಬೇನೆಯ ಬೆನ್ನಿಗೆ ಬರುವ ಕೀಲುಜ್ವರವು ಹೃದಯದ ಕವಾಟವನ್ನು ಕೆಡಿಸುತ್ತದೆ. ಪರದೇಶದ ಕವಾಟದ ಬೆಲೆಯಾದರೋ ಬಡವರ ಕೈಗೆ ಎಟುಕುವಂತಿರಲಿಲ್ಲ. ಅವರ ಮೊದಲ ಮಾದರಿಯಲ್ಲಿ ಲೋಹದ ಕಡ್ಡಿ ಮುರಿಯಿತು. ಎರಡನೆಯದರಲ್ಲಿ ನೀಲಮಣಿಯ ಬಿಲ್ಲೆಯು ಟೈಟೇನಿಯಂ ಚೌಕಟ್ಟನ್ನು ಸವೆಸಿತು. ಮೂರನೆಯದರಲ್ಲಿ ಬಿಲ್ಲೆಯೇ ಒಡೆಯಿತು. ಪಾಲಿಎಥಿಲೀನ್ ಬಿಲ್ಲೆಯ ನಾಲ್ಕನೆಯ ಮಾದರಿಯು ಯಂತ್ರದಲ್ಲಿಯೂ ಕುರಿಗಳಲ್ಲಿಯೂ ಪರೀಕ್ಷೆಗೊಂಡು, 1990ರ ಡಿಸೆಂಬರ್ 6ರಂದು ಮನುಷ್ಯನ ಎದೆಯನ್ನು ಸೇರಿತು. ಮೂರು ಸಲ ಸೋತರೂ ಅವಸರಪಡದ ಆ ಮಹನೀಯರು ಮುಂದೆ ಮಣಿಪಾಲದ ವಿಶ್ವವಿದ್ಯಾನಿಲಯದ ಪ್ರಥಮ ಕುಲಪತಿಗಳಾದರೆಂಬುದು ಕನ್ನಡನಾಡಿಗೆ ಹೆಮ್ಮೆಯೇ ಸರಿ.

ಇದನ್ನು ದಾವಣಗೆರೆಯವರಿಗೆ ಹೇಳಲು ಕಾರಣವುಂಟು. ಇಲ್ಲಿ 1951ರಿಂದ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜೂ 1965ರಿಂದ ಜೆ.ಜೆ.ಎಂ. ವೈದ್ಯಕೀಯ ಕಾಲೇಜೂ ಇವೆ. ಪಕ್ಕದ ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ದೇಶಕ್ಕೆಲ್ಲ ಲೇಥುಗಳನ್ನು ಒದಗಿಸಿತು. ಕೂದಲೆಳೆಗಿಂತ ಸೂಕ್ಷ್ಮವಾದ ಅಳತೆಯನ್ನು ಬಲ್ಲ ಕೈಗಳು ಅಲ್ಲಿ ಪಳಗಿದವು. ಆ ಕಾರ್ಖಾನೆಯ ಬಾಗಿಲು ಈಗ ಮುಚ್ಚಿದೆ. ಅಲ್ಲಿ ದುಡಿದವರಿಗೆ ವಯಸ್ಸಾಗುತ್ತಿದೆ, ವಿದ್ಯೆ ಅವರೊಡನೆಯೇ ಹೋಗುತ್ತಿದೆ.

ಹಳ್ಳಿಯ ಮಗುವಿಗೆ ವೇಳೆಗೆ ಸರಿಯಾಗಿ ಪೆನಿಸಿಲಿನ್ ದೊರೆಯದಿರುವಾಗ ಕೃತಕ ಹೃದಯದ ಮಾತೇಕೆಂದು ಕೆಲವರು ಕೇಳಬಹುದು. ಈ ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಔಷಧವೇ ಮೊದಲು ಆಗಬೇಕು. ಆದರೆ ಕವಾಟ ಕೆಟ್ಟುಹೋದ ಮೇಲೆ ಪೆನಿಸಿಲಿನ್ ಅದನ್ನು ಸರಿಪಡಿಸಲಾರದು. ಪೂರ್ಣ ಹೃದಯವನ್ನೇ ನಿರ್ಮಿಸಿರೆಂದು ನಾವು ಹೇಳುತ್ತಿಲ್ಲ. ಕವಾಟವನ್ನು ಹಗಲಿರುಳು ಬಡಿಸಿ ಸವೆತವನ್ನು ಅಳೆಯುವ ಪರೀಕ್ಷಾಯಂತ್ರವೊಂದನ್ನು ಈ ಎರಡು ಕಾಲೇಜುಗಳು ಕೂಡಿ ಕಟ್ಟಲಿ. ಹರಿಹರದ ಹಳೆಯ ಕುಶಲಿಗಳನ್ನು ಗೌರವದಿಂದ ಕರೆದು, ವಿದ್ಯಾರ್ಥಿಗಳ ಪಕ್ಕದಲ್ಲಿ ನಿಲ್ಲಿಸಲಿ.