ಇಳಿವಯಸ್ಸಿನಲ್ಲಿ ಔಷಧಿ: ತಪ್ಪು ಕಲ್ಪನೆ ಮತ್ತು ಸತ್ಯ

ವಯಸ್ಸಾದವರಿಗೆ ಮಾತ್ರೆ ಮೈಗೆ ಹತ್ತುವುದಿಲ್ಲ, ಪವರ್ ಹೆಚ್ಚಿಸಬೇಕು ಎಂಬ ನಂಬಿಕೆ ವ್ಯಾಪಕವಾಗಿದೆ. ಬಹುತೇಕ ಔಷಧಿಗಳ ವಿಷಯದಲ್ಲಿ ಇದು ತಲೆಕೆಳಗಾದ ಮಾತು. ಕರುಳು ಔಷಧಿಯನ್ನು ಹೀರುವುದು ವಯಸ್ಸಿನಿಂದ ಹೆಚ್ಚೇನೂ ಕುಗ್ಗದು. ರಕ್ತ ಸೇರಿದ್ದು ಹೊರಹೋಗುವುದು ಮಾತ್ರ ನಿಧಾನವಾಗುತ್ತದೆ.

ಒಂದೇ ಮಾತ್ರೆ ಎಲ್ಲ ವಯಸ್ಸಿನವರಿಗೂ ಒಂದೇ ಎಂಬುದು ಇನ್ನೊಂದು ಕಲ್ಪನೆ. ಮಾತ್ರೆ ತಯಾರಿಸುವ ಕಾರ್ಖಾನೆಯಲ್ಲಿ ಮಿಲಿಗ್ರಾಂ ಲೆಕ್ಕ ಕರಾರುವಾಕ್ಕಾಗಿರುತ್ತದೆ, ಆದರೆ ಆ ಲೆಕ್ಕ ಮೈಯೊಳಗೆ ನಿಲ್ಲುವುದಿಲ್ಲ. ವಯಸ್ಸಾದಂತೆ ದೇಹದ ನೀರಿನಂಶ ಇಳಿದು ಕೊಬ್ಬಿನ ಪಾಲು ಏರುತ್ತದೆ. ನೀರಿನಲ್ಲಿ ಬೆರೆಯುವ ಪದಾರ್ಥ ರಕ್ತದಲ್ಲಿ ಸಾಂದ್ರವಾಗುತ್ತದೆ. ಹಿಂದೆ ಕುಡಿಯುತ್ತಿದ್ದಷ್ಟೇ ಮದ್ಯ ಮುಪ್ಪಿನಲ್ಲಿ ಬೇಗ ತಲೆಗೇರುವುದಕ್ಕೆ ಇದೂ ಒಂದು ಕಾರಣ. ಕೊಬ್ಬಿನಲ್ಲಿ ಕರಗುವ ಡಯಾಜೆಪಾಮ್‌ನಂಥ ನಿದ್ದೆಮಾತ್ರೆ ಅಲ್ಲೇ ಬೀಡುಬಿಡುತ್ತದೆ. ಅದರ ಪ್ರಮಾಣ ಅರ್ಧಕ್ಕಿಳಿಯಲು 20ರ ಪ್ರಾಯದಲ್ಲಿ ಸುಮಾರು 20 ಗಂಟೆ ಸಾಕು, 80ರಲ್ಲಿ 80 ಗಂಟೆಯೂ ಮೀರಬಹುದು. ದಿನವೂ ನುಂಗಿದರೆ ನಿನ್ನೆಯದರ ಮೇಲೆ ಇವತ್ತಿನದು ಪೇರುತ್ತಾ ಹೋಗುತ್ತದೆ. ಬೆಳಗಿನ ಮಂಪರು, ಬಚ್ಚಲಲ್ಲಿ ಬಿದ್ದು ಸೊಂಟ ಮುರಿಯುವುದು ಇವುಗಳ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

ಎಲ್ಲಕ್ಕಿಂತ ಮೋಸದ ಕಲ್ಪನೆಯೆಂದರೆ, ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ನಾರ್ಮಲ್ ಬಂದರೆ ಕಿಡ್ನಿ ಗಟ್ಟಿಯಾಗಿದೆ ಎಂಬುದು. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಿಂದ. ಮುಪ್ಪಿನಲ್ಲಿ ಸ್ನಾಯು ಸೊರಗಿದಾಗ ಅದು ಹುಟ್ಟುವುದೇ ಕಡಿಮೆ. ಕಿಡ್ನಿ ಸೋತಿದ್ದರೂ ರಿಪೋರ್ಟು ಚೆನ್ನಾಗಿಯೇ ಕಾಣುತ್ತದೆ. ಕಿಡ್ನಿಯ ಸಾಮರ್ಥ್ಯ ಅಂದಾಜಿಸುವ 1976ರ ಕಾಕ್‌ಕ್ರಾಫ್ಟ್–ಗಾಲ್ಟ್ ಸೂತ್ರ ವಯಸ್ಸು, ತೂಕಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. 45 ಕಿಲೋ ತೂಕದ ಇಬ್ಬರು ಹೆಂಗಸರಿಗೆ ಕ್ರಿಯಾಟಿನಿನ್ 0.9 ಎಂದೇ ಬಂದಿದೆ ಎನ್ನೋಣ. 25ರವಳ ಕಿಡ್ನಿ ನಿಮಿಷಕ್ಕೆ ಸುಮಾರು 68 ಮಿಲಿಲೀಟರ್ ರಕ್ತ ಶುದ್ಧಿ ಮಾಡಿದರೆ, 80ರ ಅಜ್ಜಿಯದು ಬರೀ 35. ಮುಖ್ಯವಾಗಿ ಕಿಡ್ನಿಯ ಮೂಲಕ ಹೊರಹೋಗುವ ಹೃದಯದ ಔಷಧಿ ಡಿಗಾಕ್ಸಿನ್ ಅಂಥ ಅಜ್ಜಿಯ ರಕ್ತದಲ್ಲಿ ವಿಷದ ಮಟ್ಟ ಮುಟ್ಟಬಹುದು. ಗ್ಲಿಬೆನ್‌ಕ್ಲಮೈಡ್ ಎಂಬ ಶುಗರ್ ಮಾತ್ರೆಯಂತೂ ಇಳಿವಯಸ್ಸಿನವರಲ್ಲಿ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಿ, ಗಂಟೆಗಟ್ಟಲೆ ಅಲ್ಲೇ ಹಿಡಿದಿಡಬಲ್ಲದು.

ಹಾಗಾದರೆ ವೃದ್ಧರಿಗೆಲ್ಲ ಅರ್ಧ ಮಾತ್ರೆ ಸಾಕೇ? ಅದೂ ತಪ್ಪು. ಪಿತ್ತಜನಕಾಂಗಕ್ಕೆ ರಕ್ತದ ಹರಿವು ತಗ್ಗಿ ಹೃದಯದ ಔಷಧಿ ಪ್ರೊಪ್ರನೊಲಾಲ್ ರಕ್ತದಲ್ಲಿ ಹೆಚ್ಚು ಉಳಿಯುತ್ತದೆ, ನಿಜ. ಆದರೆ ಅದೇ ಅಂಗ ವಿಲೇವಾರಿ ಮಾಡುವ ನಿದ್ದೆಮಾತ್ರೆ ಲೊರಾಜೆಪಾಮ್‌ನ ವೇಗ ವಯಸ್ಸಿಗೆ ಅಷ್ಟಾಗಿ ಬದಲಾಗದು. ಬಿಪಿ ಮಾತ್ರೆಯನ್ನು ಮನೆಯಲ್ಲೇ ಅರ್ಧ ಮುರಿದು ನುಂಗಿದರೆ ಒತ್ತಡ ಏರಿ ಪಾರ್ಶ್ವವಾಯು ಹೊಡೆಯುವ ಅಪಾಯವಿದೆ.